ಒಡೆದ ಕೀಲಿಮಣೆ

ನಮ್ಮ ಅಂಗಡಿಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದೇನು, ಒಡೆದು ಹೋಗಿದೆಯೇ?" ಎರಡು ಬೋಗುಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನಡುವೆ ಬಯಲು ಬಿಟ್ಟಂತೆ ಕಾಣುವ ಕೀಲಿಮಣೆಯನ್ನು ನೋಡಿದರೆ ಯಾರಿಗಾದರೂ ಹಾಗೆನ್ನಿಸುವುದು ಸಹಜ. ಒಡೆದಿಲ್ಲ, ಹುಟ್ಟಿದ್ದೇ ಹೀಗೆ ಎಂದು ಹೇಳಿ ಹೇಳಿ ನಮಗೆ ಸಾಕಾಗಿದೆ. ವಾಚಕ ಬಂಧುಗಳ ಮುಂದೆ ಒಮ್ಮೆ ಎಲ್ಲವನ್ನೂ ಹೇಳಿಬಿಡೋಣವೆಂದು ಈ ಬರಹ.

ನಾವು ಅಣ್ಣತಮ್ಮಂದಿರಿಬ್ಬರು. ಸೊಲ್ಲಾಪುರದಲ್ಲಿ ತಂದೆಯವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಕೋಣೆಯಲ್ಲೇ ನಮ್ಮ ಡಿ.ಟಿ.ಪಿ. ಅಂಗಡಿ. ವಾರವೆಲ್ಲ ಮರಾಠಿ ಅರ್ಜಿ, ಕರಾರುಪತ್ರ. ಲಗ್ನದ ದಿನಗಳು ಬಂದವೆಂದರೆ ಅಕ್ಕಲಕೋಟ, ಜತ್ತದ ಕಡೆಯಿಂದ ಕನ್ನಡ ಆಮಂತ್ರಣ ಪತ್ರಿಕೆಗಳು. 2014ರ ಲಗ್ನದ ಹಂಗಾಮಿನಲ್ಲಿ ನಮ್ಮಲ್ಲಿ ಕಿರಿಯವನ ಎಡಗೈ ಕಿರುಬೆರಳು ನೋಯತೊಡಗಿತು. ಅಲಕ್ಷಿಸಿದೆವು. ನೋವು ಮಣಿಕಟ್ಟಿಗೆ ಇಳಿಯಿತು, ರಾತ್ರಿ ನಿದ್ದೆಯಿಂದ ಎಬ್ಬಿಸತೊಡಗಿತು. ಊಟದ ತಟ್ಟೆ ಎತ್ತಲಾರದಂತಾದ ದಿನ ವೈದ್ಯರಲ್ಲಿಗೆ ಹೋದೆವು. ಮೂರು ತಿಂಗಳು ಟೈಪು ಮಾಡಬೇಡಿರೆಂದರು. ಬಾಡಿಗೆ ಯಾರು ಕೊಡಬೇಕು, ಮಕ್ಕಳ ಫೀಸು ಯಾರು ಕಟ್ಟಬೇಕು? ಅಂಗಡಿ ಮಾರಿಬಿಡುವ ಮಾತೂ ಮನೆಯಲ್ಲಿ ಬಂತು.

ಕಿರುಬೆರಳೇ ಏಕೆ? ಹಣ್ಣಾದ ಟೈಪು ಮೇಷ್ಟರಾದ ತಂದೆಯವರೇ ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿ ಹೇಳಿದರು. ನಾವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ, ನುಡಿ ತಂತ್ರಾಂಶದಲ್ಲಿರುವುದು. ಬಹಳ ಜಾಣತನದ ವಿನ್ಯಾಸವದು. ಇಪ್ಪತ್ತಾರು ಇಂಗ್ಲಿಷ್ ಕೀಲಿಗಳಲ್ಲಿ ಇಡೀ ಕನ್ನಡವನ್ನು ಕೂಡಿಸಿಬಿಟ್ಟಿದೆ. ಆದರೆ ದೀರ್ಘಸ್ವರ, ಮಹಾಪ್ರಾಣ, ಅನುಸ್ವಾರ, ಣಕಾರ, ಳಕಾರ ಎಲ್ಲಕ್ಕೂ ಶಿಫ್ಟ್ ಒತ್ತಬೇಕು. 'ಆಮಂತ್ರಣ' ಎಂಬ ಒಂದು ಶಬ್ದಕ್ಕೆ ಏಳು ಕೀಲಿ, ಅದರಲ್ಲಿ ಮೂರಕ್ಕೆ ಶಿಫ್ಟ್. ಶಿಫ್ಟ್ ಇರುವುದು ಕಿರುಬೆರಳಿನ ಕೆಳಗೆ. ದೀರ್ಘ ಕೊಡುವ 'ಎ' ಕೀಲಿಯೂ ಎಡ ಕಿರುಬೆರಳಿನ ಪಾಲಿನದೇ. ಕೈಯಲ್ಲಿ ಎಲ್ಲಕ್ಕಿಂತ ಬಡವಾದ ಬೆರಳಿನ ಮೇಲೆ ಮನೆಯ ಭಾರವನ್ನೆಲ್ಲ ಹೊರಿಸಿದ್ದೆವು!

ಅಮೆರಿಕದಲ್ಲಿರುವ ಅಕ್ಕನ ಮಗ ಆ ದೀಪಾವಳಿಗೆ ಬಂದವನು ಈ ಬೋಗುಣಿ ಕೀಲಿಮಣೆಯನ್ನು ಸ್ವೆಟರಿನಲ್ಲಿ ಸುತ್ತಿ ತಂದ. ಅವನ ಆಫೀಸಿನಲ್ಲಿ ಹಳೆಯದೆಂದು ತೆಗೆದುಹಾಕಿದ್ದರಂತೆ. ಸಿಯಾಟಲ್ ಬಳಿಯ ಕೈನೆಸಿಸ್ ಕಂಪನಿಯದು. ಈ ಆಕಾರದ ಮೊದಲ ಮಾದರಿಯನ್ನು ಅವರು 1992ರಲ್ಲಿ ಹೊರತಂದಿದ್ದರು. ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಇಂಗ್ಲೆಂಡಿನಲ್ಲಿ ಲಿಲಿಯನ್ ಮಾಲ್ಟ್ ಎಂಬ ಮಹಿಳೆ ಮತ್ತು ಸ್ಟೀಫನ್ ಹಾಬ್ಡೇ ಎಂಬ ಎಂಜಿನಿಯರು ಕೂಡಿ ಕೈಯ ಆಕಾರಕ್ಕೆ ಹೊಂದುವ ಮಾಲ್ಟ್ರಾನ್ ಕೀಲಿಮಣೆ ಮಾಡಿದ್ದರು. ಮಾಲ್ಟ್ ಅವರು ಟೈಪು ಕಲಿಸುವವರು ಎಂದು ತಿಳಿದಾಗ ತಂದೆಯವರು ಹಿಗ್ಗಿದ್ದನ್ನು ನೋಡಬೇಕಿತ್ತು.

ಸಾಮಾನ್ಯ ಕೀಲಿಮಣೆಯಲ್ಲಿ ಸಾಲುಗಳು ಒಂದಕ್ಕೊಂದು ಓರೆಯಾಗಿ ಏಕಿವೆ, ಬಲ್ಲಿರಾ? ಹಳೆಯ ಟೈಪ್‌ರೈಟರಿನಲ್ಲಿ ಒಂದೊಂದು ಕೀಲಿಗೂ ಒಂದೊಂದು ಕಡ್ಡಿ. ಅವು ಒಂದನ್ನೊಂದು ತಾಕದೆ ಹಿಂದಕ್ಕೆ ಹೋಗಬೇಕಾದ್ದರಿಂದ ಕೀಲಿಗಳನ್ನು ಸರಿಸಿ ಕೂಡಿಸಿದರು. ಕಡ್ಡಿಗಳು ಹೋದವು, ಓರೆ ಮಾತ್ರ ಉಳಿಯಿತು. ಎರಡೂ ಕೈಗಳನ್ನು ಒಂದೆಡೆ ಕೂಡಿಸಿದಾಗ ಮಣಿಕಟ್ಟು ಹೊರಕ್ಕೆ ಸೊಟ್ಟಗಾಗುತ್ತದೆ. ಕೈನೆಸಿಸ್‌ನಲ್ಲಿ ಕೀಲಿಗಳು ನೆಟ್ಟಗೆ ಕೆಳಕ್ಕೆ ಸಾಲಾಗಿವೆ, ಕೈಗಳು ಭುಜದ ನೇರಕ್ಕೆ ನಿಲ್ಲುತ್ತವೆ. ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್‌ಗಳು ಹೆಬ್ಬೆರಳಿನ ಕೈಗೆ ಬಂದಿವೆ. ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗುಳ್ಳ ಪ್ರತ್ಯೇಕ ಸ್ವಿಚ್ಚು, ಜರ್ಮನಿಯ ಚೆರ್ರಿ ಕಂಪನಿಯದು. ನಾಲ್ಕು ಮಿಲಿಮೀಟರ್ ಇಳಿಯುವ ಕೀಲಿ ಎರಡನೆಯ ಮಿಲಿಮೀಟರಿಗೇ ಅಕ್ಷರ ಕೊಡುತ್ತದೆ. ಅಗ್ಗದ ಕೀಲಿಮಣೆಯ ರಬ್ಬರಿನಂತೆ ತಳ ಮುಟ್ಟುವವರೆಗೆ ಒತ್ತಬೇಕಿಲ್ಲ.

ಮೊದಲ ಹದಿನೈದು ದಿನ ನಗೆಪಾಟಲು. ಗಂಟೆಗೆ ಒಂದು ಪುಟವೂ ಆಗಲಿಲ್ಲ. ಒಂದು ಪತ್ರಿಕೆಯಲ್ಲಿ ವರನ ಹೆಸರು ಕೆಟ್ಟು ಹೋಗಿ ನೂರೈವತ್ತು ಪ್ರತಿಗಳನ್ನು ನಮ್ಮ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿಕೊಟ್ಟೆವು. ಆಮೇಲೆ ಅಕ್ಕನ ಮಗನೇ ಫೋನಿನಲ್ಲಿ ಗುಟ್ಟು ಹೇಳಿದ: ಯಾವ ಕೀಲಿಯನ್ನು ಎಲ್ಲಿಗೆ ಬೇಕಾದರೂ ಬದಲಿಸಬಹುದು, ಅದು ಕೀಲಿಮಣೆಯ ನೆನಪಿನಲ್ಲೇ ಉಳಿಯುತ್ತದೆ. ಎಡ ಹೆಬ್ಬೆರಳಿನ ಡಿಲೀಟ್ ಜಾಗಕ್ಕೆ ಶಿಫ್ಟ್ ತಂದೆವು. ಅಂದಿನಿಂದ ಮಹಾಪ್ರಾಣವೆಲ್ಲ ಹೆಬ್ಬೆರಳಿನದು. ಒತ್ತಕ್ಷರಕ್ಕೆ ಬೇಕಾದ 'ಎಫ್' ಕೀಲಿಯೋ ಮೊದಲೇ ಎಡ ತೋರುಬೆರಳಿನ ಕೆಳಗೆ ತಣ್ಣಗೆ ಕುಳಿತಿದೆ. ಆರು ತಿಂಗಳಲ್ಲಿ ನೋವು ಬಹುಮಟ್ಟಿಗೆ ಇಳಿಯಿತು. ಔಷಧವೆಷ್ಟು, ವಿಶ್ರಾಂತಿಯೆಷ್ಟು, ಕೀಲಿಮಣೆಯೆಷ್ಟು ಎಂದು ಬೇರ್ಪಡಿಸಿ ಹೇಳಲಾರೆವು. ಕೈ ನೋಯುವವರು ಮೊದಲು ವೈದ್ಯರನ್ನೇ ಕಾಣಬೇಕು.

ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪುಣೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 1994ರ ಮಾದರಿಯ ಮೈಕ್ರೋಸಾಫ್ಟ್ ನ್ಯಾಚುರಲ್ ಸಿಕ್ಕಿತು. ಬಾಗಿದೆ, ಆದರೆ ಒಳಗೆ ರಬ್ಬರು. ಬೀಸಣಿಗೆಯಂತೆ ತೆರೆಯುವ ಆ್ಯಪಲ್‌ನ 1993ರ ಕೀಲಿಮಣೆ ಬಂತು. ಅದರ ತಂತಿ ಇಂದಿನ ಕಂಪ್ಯೂಟರಿಗೆ ನೇರವಾಗಿ ಕೂಡದು, ಅದು ಕಪಾಟಿನಲ್ಲಿದೆ. ಇನ್ನೆರಡು ಹಳೆಯ ಕೈನೆಸಿಸ್‌ಗಳು, ಒಂದು ಸತ್ತದ್ದು. ರಿಪೇರಿಯವನೊಬ್ಬ ಎಸೆಯಿರಿ ಎಂದ. ಎಸೆಯಲಿಲ್ಲ. ಅದರ ಸ್ವಿಚ್ಚುಗಳನ್ನು ಬೆಸುಗೆ ಬಿಡಿಸಿ ಬದುಕಿರುವುದಕ್ಕೆ ಹಾಕುತ್ತೇವೆ.

ಕಳೆದ ತಿಂಗಳು ಅಕ್ಕನ ಮಗ ಫೋಟೋ ಕಳಿಸಿದ: ಐ.ಬಿ.ಎಂ.ನ ಎಂ15. 1994ರಲ್ಲಿ ಬಂದ ಮಾದರಿ, ಒಳಗೆ ಬಾಗಿ ಟಕ್ಕೆನ್ನುವ ಸ್ಪ್ರಿಂಗು, ಎರಡು ಹೋಳಾಗಿ ಪೂರ್ತಿ ಬೇರೆಯಾಗುವಂಥದು. ಬಲು ವಿರಳ. ಬೆಲೆ ಸಾವಿರ ಡಾಲರು ದಾಟುವುದುಂಟು. ಇಬ್ಬರೂ ರಾತ್ರಿಯೆಲ್ಲ ಲೆಕ್ಕ ಹಾಕಿದೆವು, ಬೆಳಗ್ಗೆ ತಾಯಿಯವರಿಗೆ ಹೇಳಿದೆವು. ಅವರು ಸೀರೆಗಳಿಗೂ ಪಾತ್ರೆಗಳಿಗೂ ಮಿತಿ ಹಾಕಿಕೊಂಡು ವ್ರತ ಹಿಡಿದು ಎಷ್ಟೋ ವರ್ಷಗಳಾದವು. ಮೊರದಿಂದ ತಲೆಯೆತ್ತದೆ, "ನಿಮ್ಮಿಬ್ಬರಿಗೂ ಕೂಡಿ ಕೈ ಎಷ್ಟು?" ಎಂದರು.

"ನಾಲ್ಕು."

"ಕೀಲಿಮಣೆ?"

ಸತ್ತದ್ದನ್ನೂ ಸೇರಿಸಿದರೆ ಐದು. ನಾವು ಸುಮ್ಮನಾದೆವು. ಫೋಟೋವನ್ನು ಮಾತ್ರ ಪ್ರಿಂಟ್ ತೆಗೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇವೆ. ಅದನ್ನು ನೋಡಿಯೂ ಗಿರಾಕಿಗಳು ಕೇಳುತ್ತಾರೆ: "ಇದೂ ಒಡೆದಿದೆಯೇ?"