ಎತ್ತಿ ಹೊಡೆಯುವ ಹುಡುಗ

ಏಳು ಪಂದ್ಯಕ್ಕೆ ಎಂಟೇ ಗೋಲು. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದದ್ದು ಅಷ್ಟರಲ್ಲೇ. ನಾಕೌಟ್‌ನ ನಾಲ್ಕೂ ಪಂದ್ಯ 1–0. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಕಾಕಾಗೆ ಅದು ಆಟವೇ ಅಲ್ಲ. "ಚೆಂಡ ಇಟ್ಕೊಂಡು ಸಂತಿ ಮಾಡ್ತಾರೇನು? ಗೋಲ್ ಹೊಡೀರಿ ಅನ್ನು," ಎಂದು ಚಹಾದಂಗಡಿಯಲ್ಲಿ ಕೆಣಕುತ್ತಿದ್ದರು. ನಾನು ಬಿಡುವವನಲ್ಲ. ಚೆಂಡು ನಮ್ಮ ಕಾಲಲ್ಲೇ ಇದ್ದರೆ ಎದುರಿನವರು ಏನನ್ನು ಒದೆಯುತ್ತಾರೆ? ಇಡೀ ಟೂರ್ನಿಯಲ್ಲಿ ಸ್ಪೇನ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಸಣ್ಣ ಸಣ್ಣ ಪಾಸುಗಳ ಈ ಟಿಕಿ-ಟಾಕಾ ಆಟ ದಾಳಿಯೂ ಹೌದು, ರಕ್ಷಣೆಯೂ ಹೌದು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕಡೆಗೆ ಅವರು ಹಿಂದೆ ಭಾರತ ತಂಡದ ಕೋಚ್ ಆಗಿದ್ದ ರಹೀಮ್ ಸಾಹೇಬರ ಹೆಸರು ತೆಗೆದರೆ, ಹಳೇ ಕಾಲದ ಮಾತು ಎಂದು ನಕ್ಕು ಎದ್ದುಬಿಡುತ್ತಿದ್ದೆ.

ಆ ಹುರುಪಿನಲ್ಲೇ ಕುಳಗಿಯ ಹುಡುಗರಿಗೆ ಕೋಚ್ ಆದೆ. ಕೋಚ್ ಅನ್ನುವುದು ದೊಡ್ಡ ಮಾತು. ಸೀಟಿ ನನ್ನ ಕೈಲಿತ್ತು, ಅಷ್ಟೆ. ಅಂಬಿಕಾನಗರದ ದಾರಿಯ ಈ ಕಾಡೂರಿನಲ್ಲಿ ಹನ್ನೊಂದು ಜನ ಸೇರುವುದೇ ಕಷ್ಟ. ಅವರಲ್ಲೊಬ್ಬ ಅರ್ಧ ಮೈದಾನದಿಂದ ಒದ್ದರೆ ಚೆಂಡು ಗೋಲ್‌ಕೀಪರನ ಎದುರಿಗೇ ಹೋಗಿ ಬೀಳುತ್ತಿತ್ತು. ಸಣ್ಣ ಪಾಸ್ ಮಾತ್ರ ಅವನಿಗೆ ಒಗ್ಗುತ್ತಿರಲಿಲ್ಲ. ನನಗೆ ಕಂಡದ್ದು ಆ ಒಗ್ಗದ ಪಾಸ್ ಮಾತ್ರ. ಎತ್ತಿ ಹೊಡೆದಾಗಲೆಲ್ಲ ಮೈದಾನ ಒಂದು ಸುತ್ತು ಓಡಿಸುತ್ತಿದ್ದೆ.

ಟೂರ್ನಿ ಬಂದದ್ದು ಮಳೆಗಾಲದಲ್ಲಿ. ನಡು ಮೈದಾನದಲ್ಲಿ ಕೆಂಪು ನೀರು. ಅಂಥ ನೆಲದಲ್ಲಿ ಉರುಳಿಸಿದ ಪಾಸ್ ನೀರು ಮುಟ್ಟಿದ ಕೂಡಲೇ ಸಾಯುತ್ತದೆ. ತೆಗೆದುಕೊಳ್ಳಬೇಕಾದವನು ಅಷ್ಟರಲ್ಲಿ ಮುಂದೆ ಓಡಿರುತ್ತಾನೆ, ಚೆಂಡು ಎದುರಾಳಿಯ ಪಾಲು. ಹುಡುಗ ಗೆರೆಯ ಹತ್ತಿರ ಬಂದು, "ಸರ, ಚೆಂಡ ನೀರಾಗ ನಿಂದರಾಕತ್ತೇತಿ, ಎತ್ತಿ ಹೊಡೀಲೇನ್ರಿ?" ಎಂದ. ಬೇಡ ಎಂದೆ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಒಂದು ಹೊಡೆದ. ಅವನನ್ನು ಹೊರಗೆ ಕೂರಿಸಿದೆ. ಎದುರಿನ ತಂಡ ಅವನು ಕೇಳಿದ್ದನ್ನೇ ಮಾಡಿತು: ಹೊಂಡದ ಮೇಲಿಂದ ಹಾರಿಸಿ ನಮ್ಮ ಡಿಫೆಂಡರ್‌ಗಳ ಬೆನ್ನ ಹಿಂದೆ ಬೀಳಿಸಿ ಮೂರು ಗೋಲು ಹೊಡೆಯಿತು. ಕೊಡೆ ಹಿಡಿದು ನಿಂತಿದ್ದ ಕಾಕಾ ಏನೂ ಅನ್ನಲಿಲ್ಲ. ಅಂದಿದ್ದರೆ ವಾದಿಸಬಹುದಿತ್ತು. ಹುಡುಗ ಮತ್ತೆ ಪ್ರಾಕ್ಟೀಸಿಗೆ ಬರಲಿಲ್ಲ.

ಮಳೆಯಿಂದ ಸೋತೆವೆಂದು ಎಷ್ಟೋ ಕಾಲ ಹೇಳಿಕೊಂಡು ತಿರುಗಿದೆ. 2018ರ ಜುಲೈ 1ರಂದು ಮಾಸ್ಕೋದಲ್ಲಿ ನಡೆದ ವಿಶ್ವಕಪ್ ಪಂದ್ಯ ನೋಡಿದ ಮೇಲೆ ಆ ನೆಪವೂ ಉಳಿಯಲಿಲ್ಲ. ರಷ್ಯಾ ಎದುರು ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಆಡಿತು. ಅದರ ಖಾತೆಗೆ ಬಂದ ಒಂದೇ ಗೋಲೂ ಎದುರಾಳಿ ಇಗ್ನಾಶೆವಿಚ್ ಕಾಲಿಗೆ ತಾಗಿ ಒಳಹೋದದ್ದು. ಹಿಂದೆ ಐವರನ್ನು ನಿಲ್ಲಿಸಿ, ಮುಂದೆ ಎತ್ತರದ ಜ್ಯೂಬಾನ ತಲೆಗೆ ಚೆಂಡು ಹಾಕುತ್ತಿದ್ದ ರಷ್ಯಾ 1–1ರಲ್ಲಿ ಹಿಡಿದು, ಪೆನಾಲ್ಟಿಯಲ್ಲಿ ಗೆದ್ದಿತು. ರಷ್ಯಾದ ಕೋಚ್ ತನ್ನ ಬಳಿ ಯಾರಿದ್ದಾರೆ ಎಂದು ನೋಡಿಕೊಂಡೇ ಆಟ ಕಟ್ಟಿದ್ದ.

ಆಮೇಲೆ ಕಾಕಾನ ಬಳಿ ಹೋಗಿ ರಹೀಮರ ಕತೆ ಕೂತು ಕೇಳಿದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಹಿಂದೆ ನಿಂತು ತಡೆಯುವ ಭಾರತದ ಸ್ಟಾಪರ್ ಜರ್ನೈಲ್ ಸಿಂಗ್‌ಗೆ ಥಾಯ್ಲೆಂಡ್ ಪಂದ್ಯದಲ್ಲಿ ತಲೆ ಒಡೆದು ಹೊಲಿಗೆ ಬಿದ್ದಿತ್ತು. ರಹೀಮ್ ಸಾಹೇಬರು ಜರ್ನೈಲ್‌ರನ್ನು ಮನೆಗೆ ಕಳಿಸಲಿಲ್ಲ, ಫಾರ್ವರ್ಡ್ ಆಗಿ ಆಡಿಸಿದರು. ಗುಂಪು ಹಂತದಲ್ಲಿ ನಮ್ಮನ್ನು 2–0ಯಿಂದ ಸೋಲಿಸಿದ್ದ ದಕ್ಷಿಣ ಕೊರಿಯಾವನ್ನೇ ಫೈನಲ್‌ನಲ್ಲಿ 2–1ರಿಂದ ಮಣಿಸಿ ಚಿನ್ನ ತಂದೆವು. ಅದರಲ್ಲೊಂದು ಗೋಲು ಜರ್ನೈಲ್‌ದು. ಸ್ಟಾಪರ್ ಮುಂದೆ ಯಾಕೆ ಹೋಗಬೇಕು ಎಂದು ನಾನಾಗಿದ್ದರೆ ಚಹಾದಂಗಡಿಯಲ್ಲಿ ಒಂದು ಗಂಟೆ ವಾದಿಸುತ್ತಿದ್ದೆ.

ಒಣ ಮೈದಾನದಲ್ಲಿ ಸಣ್ಣ ಪಾಸಿಗಿಂತ ಚೆಂದದ ಆಟವಿಲ್ಲ ಎಂದು ಕಾಕಾನೊಂದಿಗೆ ಈಗಲೂ ಜಗಳವಾಡುತ್ತೇನೆ. ಆ ಹುಡುಗನನ್ನು ಕರೆಯಲು ಮನೆಗೂ ಹೋಗಿದ್ದೆ. ಅವರವ್ವ ಚಹಾ ಕೊಟ್ಟರು. ಅವನು ಬರುವುದಿಲ್ಲ ಎಂದ, ಸಿಟ್ಟಿಲ್ಲದೆ. ಬೇರೆ ತಂಡ ಸೇರಿಯಾಗಿತ್ತು. ನಮ್ಮ ಮೇಲೂ ಒಂದು ಗೋಲು ಹೊಡೆದಿದ್ದಾನೆ, ಅರ್ಧ ಮೈದಾನದಿಂದ, ಎತ್ತಿಯೇ.