ಉತ್ತರವೋ ದಕ್ಷಿಣವೋ

ಅಮೆರಿಕದಲ್ಲಿರುವ ಅಕ್ಕನ ಮಗ ಟೈಮ್‌ಶೇರ್ ತಗೊಂಡಿದ್ದಾನೆ. ವರ್ಷಕ್ಕೊಂದು ವಾರ ರೆಸಾರ್ಟ್‌ ವಾಸ; ಹೋಗಲಿ ಬಿಡಲಿ, ನಿರ್ವಹಣೆ ಶುಲ್ಕ ಮಾತ್ರ ಕಟ್ಟುತ್ತಲೇ ಇರಬೇಕು. ಈ ಡಿಸೆಂಬರ್‌ಗೆ ಹವಾಯಿಯ ಕವಾಯಿ ದ್ವೀಪವಂತೆ. "ಚಿಕ್ಕಮ್ಮ, ಉತ್ತರದ ಪ್ರಿನ್ಸ್‌ವಿಲ್ಲೋ, ದಕ್ಷಿಣದ ಪೊಯಿಪುವೋ?" ಅಂತ ಕೇಳಿದ.

ನಾನೇನು ಕಂಡೆ? ನಕ್ಷೆ ತೆಗೆದು ಕೂತೆ. ನೋಡಿದರೆ ನಮ್ಮ ಘಟ್ಟದ ಕಥೆಯೇ! ಈಶಾನ್ಯದಿಂದ ಬೀಸುವ ಗಾಳಿ ನಡುವಿನ ವಾಯಲೆಯಾಲೆ ಬೆಟ್ಟಕ್ಕೆ ಬಡಿದು ಅಲ್ಲೇ ನೀರಿಳಿಸಿಬಿಡುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಅದೂ ಒಂದು. ಉತ್ತರ ಆಗುಂಬೆ, ದಕ್ಷಿಣ ಚಿತ್ರದುರ್ಗ ಅಂದುಕೊಳ್ಳಿ. ಅದೂ ಬರೀ 50 ಕಿ.ಮೀ. ಆಸುಪಾಸಿನ ದ್ವೀಪದಲ್ಲಿ. ಪೂರ್ತಿ ಒಂದು ಸುತ್ತು ಹಾಕೋಣ ಅಂದರೆ ಅದೂ ಆಗದು. ನಾ ಪಾಲಿಯ ಕಡಿದಾದ ಬಂಡೆಗಳು ಅಡ್ಡ ಬಂದು ರಸ್ತೆ ಎರಡೂ ಕಡೆ ಮುಗಿದುಹೋಗುತ್ತದೆ.

ಚಳಿಗಾಲದಲ್ಲಿ ಉತ್ತರದ ಅಲೆಗಳು ಆಳೆತ್ತರ ಮೀರುತ್ತವೆ. ಮಕ್ಕಳನ್ನು ನೀರಿಗಿಳಿಸುವ ಆಸೆಯಿದ್ದರೆ ಪೊಯಿಪು, ಅಂದೆ. ನನ್ನ ಇಷ್ಟಕ್ಕೆ ಬಿಟ್ಟರೆ ಪ್ರಿನ್ಸ್‌ವಿಲ್ಲೇ: ಮಳೆ ನೋಡುತ್ತಾ ಕೂರಬಹುದು, ಹತ್ತಿರದ ಹನಲೇ ಕಣಿವೆ ತುಂಬ ಕೆಸುವಿನ ಗದ್ದೆ. ಹೌದು, ನಮ್ಮ ಪತ್ರೊಡೆಯ ಕೆಸುವೇ!

ಎಲ್ಲಿ ಉಳಿದರೂ ಪೂರ್ವದ ವೈಲುವಾ ಬಳಿಯ ಇರೈವನ್ ದೇವಸ್ಥಾನ ನೋಡದೆ ಬರಬೇಡ ಅಂದಿದ್ದೇನೆ. ಅದರ ಕಲ್ಲು ಕೆತ್ತಿದ್ದು ನಮ್ಮ ಬೆಂಗಳೂರಿನ ಹತ್ತಿರ, 1990ರಿಂದ ವರ್ಷಗಟ್ಟಲೆ, ಕೈಯುಳಿಯಲ್ಲೇ. ಕಲ್ಲುಗಳು ಅಷ್ಟು ದೂರ ಹಡಗಿನಲ್ಲಿ ಹೋದವು. ಇವನಿಗಿನ್ನೂ ಯಾವ ಕಡೆ ಅಂತ ತೀರ್ಮಾನವಾಗಿಲ್ಲ.