ಹೆಸರು ಬಿಟ್ಟವರ ಹೆಸರು

ಅಣ್ಣ ಯೇಸುಸಭೆಯನ್ನು ಸೇರಲು ಹೊರಟ ದಿನ ನಮ್ಮ ತಂದೆಯವರು ಅವನನ್ನು ಕಳುಹಿಸಲು ಬಸ್ಸಿನವರೆಗೆ ಬರಲಿಲ್ಲ. ಕಣದಲ್ಲಿ ಕಾಫಿಯನ್ನು ಮಗುಚುತ್ತ ನಿಂತಿದ್ದವರು, ಅಣ್ಣ ಹತ್ತಿರ ಹೋಗಿ ಆಶೀರ್ವಾದ ಬೇಡಿದಾಗ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು, ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಕಡೆ ನೋಡಿ, “ಇನ್ನು ಈ ಮನೆಯ ಹೆಸರು ಉಳಿಯುವುದು ನಿನ್ನಿಂದಲೇ” ಎಂದರು. ನನಗಾಗ ಹದಿನಾಲ್ಕು ವರ್ಷ. ಆ ಮಾತಿನ ಭಾರ ತಿಳಿಯುವ ವಯಸ್ಸಲ್ಲ. ಮುಂದೆ ನನಗೆ ಹುಟ್ಟಿದವರು ಇಬ್ಬರೂ ಹೆಣ್ಣುಮಕ್ಕಳು. ಎರಡನೆಯವಳ ದೀಕ್ಷಾಸ್ನಾನದ ದಿನ ತಂದೆಯವರು ಎಲ್ಲರೊಡನೆ ನಗುತ್ತಲೇ ಇದ್ದರು. ಆದರೆ ಸ್ವಾಮಿಗಳು ಮಗುವಿನ ಹೆಸರನ್ನು ದಾಖಲೆಯ ಪುಸ್ತಕದಲ್ಲಿ ಬರೆಯುವಾಗ ಅವರು ಕಿಟಕಿಯ ಹೊರಗೆ ನೋಡುತ್ತಿದ್ದುದನ್ನು ನಾನು ಕಂಡೆ.

ಕಳೆದ ಜೂನ್ 21ರಂದು ಇದೆಲ್ಲವೂ ಮತ್ತೆ ನೆನಪಾಯಿತು. ಅಂದು ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬ. ಈಗ ಎಂಬತ್ತರ ಹತ್ತಿರವಿರುವ ಅಣ್ಣನೊಡನೆ ನಾನು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಕುಳಿತಿದ್ದೆ. 1878ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಯೇಸುಸಭೆಯ ಗುರುಗಳು ಎರಡೇ ವರ್ಷಗಳಲ್ಲಿ ಈ ಕಾಲೇಜನ್ನು ತೆರೆದರು. ಪ್ರಾರ್ಥನಾಲಯದ ಗೋಡೆ ಮತ್ತು ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದವರು ಬೆರ್ಗಾಮೊ ಪ್ರಾಂತ್ಯದಿಂದ ಬಂದ ಸಹೋದರ ಆಂತೋನಿಯೊ ಮೊಸ್ಕೇನಿ. ನಡುಮಾಳಿಗೆಯ ಚಿತ್ರಗಳು ಹೇಳುವುದು ಸಂತರ ಜೀವನವನ್ನೇ: ಅರಮನೆ, ರೇಷ್ಮೆಯ ಉಡುಪು, ಕೊನೆಗೆ ರೋಮಿನ ಬೀದಿಯ ರೋಗಿಗಳು. ವಿದ್ಯಾರ್ಥಿಯಾಗಿದ್ದಾಗ ಕತ್ತು ನೋಯುವವರೆಗೆ ನಾನು ಅವನ್ನು ನೋಡಿದ್ದುಂಟು. ಆಗ ನಮ್ಮ ಹಾಸ್ಟೆಲಿನಲ್ಲಿ ಗೊನ್ಸಾಲ್ವಿಸ್ ಮನೆತನದ ಹುಡುಗನೊಬ್ಬನಿದ್ದ. ಸಂತರು ತನ್ನ ವಂಶದವರೇ ಎಂದು ಸಾಧಿಸಿ, ಹಬ್ಬದ ದಿನ ನಮ್ಮಿಂದ ಒಂದು ಹೆಚ್ಚಿನ ಪಾಲು ಸಿಹಿಯನ್ನೂ ವಸೂಲು ಮಾಡುತ್ತಿದ್ದ. ಬಹಳ ವರ್ಷಗಳ ನಂತರ ತಿಳಿಯಿತು, ಎರಡು ಹೆಸರುಗಳಿಗೂ ಯಾವ ನಂಟೂ ಇಲ್ಲ. ಗೊನ್ಸಾಲ್ವಿಸ್ ಎಂಬುದು ಪೋರ್ಚುಗೀಸರದು; ಗೊನ್ಸಾಲೊ ಎಂಬವನ ಮಗ ಎಂದು ಅದರ ಅರ್ಥ. ಗೊನ್ಜಾಗ ಎಂಬುದು ಒಂದು ಊರು.

ಉತ್ತರ ಇಟಲಿಯ ಪೊ ನದಿಯ ದಕ್ಷಿಣಕ್ಕೆ, ಮಾಂಟೊವಾ ನಗರದಿಂದ ಹೆಚ್ಚು ದೂರವಲ್ಲದ ಬಯಲಿನಲ್ಲಿ ಆ ಊರು ಇಂದಿಗೂ ಇದೆ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯುವ ಕೃಷಿಯ ಜಾತ್ರೆ ಬಹು ಪುರಾತನವೆಂದು ಪ್ರಸಿದ್ಧವಾಗಿದೆ. ಮಧ್ಯಯುಗದಲ್ಲಿ ಕೊರ್ರಾದಿ ಎಂಬ ಭೂಮಾಲೀಕರ ಕುಟುಂಬವೊಂದು ಅಲ್ಲಿತ್ತು. ಈ ಜನ ಮಾಂಟೊವಾ ನಗರಕ್ಕೆ ಹೋಗಿ ನೆಲೆಸಿದಾಗ ಅವರನ್ನು ‘ಗೊನ್ಜಾಗದ ಕೊರ್ರಾದಿಗಳು’ ಎಂದು ಕರೆದರು. ಕ್ರಮೇಣ ಕೊರ್ರಾದಿ ಬಿದ್ದುಹೋಗಿ ಊರಿನ ಹೆಸರು ಮಾತ್ರ ಉಳಿಯಿತು. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ‘ಮಾಸ್ತಿ’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಊರಲ್ಲ, ವೆಂಕಟೇಶ ಅಯ್ಯಂಗಾರ್ಯರು. ಊರಿನೊಳಗೆ ಇರುವವನಿಗೆ ಊರಿನ ಹೆಸರು ಬೇಕಾಗುವುದಿಲ್ಲ. ಬಿಟ್ಟು ಹೊರಟವನಿಗಷ್ಟೇ ಅದು ಅಂಟಿಕೊಳ್ಳುತ್ತದೆ.

ನಗರಕ್ಕೆ ಬಂದ ಗೊನ್ಜಾಗರು ಸುಮ್ಮನೆ ಕೂರುವವರಾಗಿರಲಿಲ್ಲ. 1328ರ ಆಗಸ್ಟ್ 16ರಂದು ಲೂಯಿಜಿ ಗೊನ್ಜಾಗ ಎಂಬ ಹಿರಿಯ, ತನ್ನ ಮಕ್ಕಳನ್ನೂ ಪರಸ್ಥಳದ ಸೈನಿಕರನ್ನೂ ಕೂಡಿಕೊಂಡು, ಆಳುತ್ತಿದ್ದ ಬೊನಕೋಲ್ಸಿ ಮನೆತನವನ್ನು ಕೆಡವಿ ಮಾಂಟೊವಾದ ಒಡೆಯನಾದ. ಆ ಗಲಭೆಯಲ್ಲಿ ಸತ್ತ ಪಸ್ಸೆರಿನೊ ಬೊನಕೋಲ್ಸಿಯ ಒಣಗಿದ ದೇಹವನ್ನು ಗೊನ್ಜಾಗರು ಅರಮನೆಯಲ್ಲಿ ರಕ್ಷೆಯಂತೆ ಇಟ್ಟುಕೊಂಡಿದ್ದರೆಂದೂ, ಅದು ಇರುವವರೆಗೆ ರಾಜ್ಯವೂ ಇರುವುದೆಂದು ನಂಬಿದ್ದರೆಂದೂ, ಕೊನೆಗೊಬ್ಬಳು ಡ್ಯೂಕನ ಹೆಂಡತಿ ಅಸಹ್ಯಪಟ್ಟು ಅದನ್ನು ಕೆರೆಗೆ ಎಸೆಯಿಸಿದಳೆಂದೂ ಒಂದು ಐತಿಹ್ಯವಿದೆ. ಕತೆ ನಿಜವೋ ಸುಳ್ಳೋ, ಆಕೆಯ ಬಗ್ಗೆ ನನಗೆ ಗೌರವವಿದೆ.

ಆ ಬಳಿಕ ಸುಮಾರು ಮುನ್ನೂರು ವರ್ಷ ಗೊನ್ಜಾಗ ಎಂದರೆ ಯೂರೋಪಿನ ಅರಮನೆಗಳಲ್ಲಿ ತಲೆಯೆತ್ತಿ ನೋಡುವ ಹೆಸರು. 1433ರಲ್ಲಿ ಮಾರ್ಕ್ವಿಸ್ ಪದವಿ, 1530ರಲ್ಲಿ ಡ್ಯೂಕ್ ಪದವಿ. ಮಾಂತೆನ್ಯ ಎಂಬ ಮಹಾಚಿತ್ರಕಾರ ಅವರ ಕೋಣೆಯ ಗೋಡೆಯ ಮೇಲೆ ಇಡೀ ಕುಟುಂಬವನ್ನು, ನಾಯಿ ಕುದುರೆಗಳ ಸಹಿತ, ಬರೆದಿಟ್ಟ. ಮೊಂತೆವೆರ್ದಿಯ ‘ಓರ್ಫೆಯೊ’ ಸಂಗೀತನಾಟಕ 1607ರಲ್ಲಿ ಮೊದಲು ಕೇಳಿಬಂದದ್ದು ಅವರ ಆಸ್ಥಾನದಲ್ಲಿಯೇ. ಮನೆತನ ಕವಲೊಡೆದು ಸುತ್ತಮುತ್ತಲ ಸಣ್ಣ ಊರುಗಳಲ್ಲೆಲ್ಲ ಒಬ್ಬೊಬ್ಬ ಗೊನ್ಜಾಗ ಆಳತೊಡಗಿದ. ಅಂತಹ ಒಂದು ಕವಲಿನವನು ಕಾಸ್ತಿಲ್ಯೋನೆಯ ಮಾರ್ಕ್ವಿಸ್ ಫೆರಾಂತೆ. 1568ರ ಮಾರ್ಚ್ 9ರಂದು ಅವನಿಗೆ ಚೊಚ್ಚಲ ಮಗ ಹುಟ್ಟಿದಾಗ ವಂಶದ ಆ ಹಳೆಯ ಹೆಸರನ್ನೇ ಇಟ್ಟರು: ಲೂಯಿಜಿ. ಲತೀನಿನಲ್ಲಿ ಅಲೋಶಿಯಸ್. ನಮ್ಮ ಧರ್ಮಕೇಂದ್ರಗಳ ಲುವಿಸ್, ಅಲೋಶಿಯಸ್ ಎಲ್ಲರೂ ಒಂದೇ ಹೆಸರಿನವರು.

ಈ ಹುಡುಗ ಹನ್ನೆರಡನೆಯ ವಯಸ್ಸಿನಲ್ಲಿ ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದುದನ್ನೂ, ಸ್ಪೇನಿನ ರಾಜಸಭೆಯಲ್ಲಿದ್ದಾಗ ಯೇಸುಸಭೆಯನ್ನು ಸೇರಲು ನಿರ್ಧರಿಸಿದುದನ್ನೂ ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ತಂದೆ ಕೆರಳಿದ ಸಂಗತಿಯನ್ನೂ ಕಲಿತಿದ್ದೇವೆ. ಆದರೆ ಫೆರಾಂತೆಯನ್ನು ಕೇವಲ ಕಠಿಣಹೃದಯಿಯಂತೆ ಚಿತ್ರಿಸುವ ಸಂತಚರಿತ್ರೆಗಳನ್ನು ನಾನು ಒಪ್ಪಲಾರೆ. ಅವನಿಗೆ ಬೇರೆ ಗಂಡುಮಕ್ಕಳಿದ್ದರು, ನಿಜ. ಆದರೆ ತಂದೆಯಾದವನು ತನ್ನ ಚೊಚ್ಚಲ ಮಗನಲ್ಲಿ ಕಾಣುವುದು ತನ್ನನ್ನೇ, ತನ್ನ ತಂದೆಯನ್ನೇ. ಅವನು ಮಗನನ್ನು ಬೈದ, ನಿರಾಕರಿಸಿದ, ಮನಸ್ಸು ತಿರುಗಲೆಂದು ಇಟಲಿಯ ಅರಮನೆಗಳಿಗೆಲ್ಲ ಕಳುಹಿಸಿದ. ಏನೂ ನಡೆಯಲಿಲ್ಲ. 1585ರ ನವೆಂಬರಿನಲ್ಲಿ, ಮಾಂಟೊವಾ ನಗರದಲ್ಲಿ, ಬಂಧುಗಳ ಎದುರಿನಲ್ಲಿ, ಹದಿನೇಳು ವರ್ಷದ ಲೂಯಿಜಿ ತನ್ನ ಹಕ್ಕನ್ನೆಲ್ಲ ತಮ್ಮ ರೊಡೋಲ್ಫೊನಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿಹಾಕಿದರು. ಚಕ್ರವರ್ತಿಯಿಂದ ಬಂದ ಜಹಗೀರಾದುದರಿಂದ ಅದಕ್ಕೆ ಚಕ್ರವರ್ತಿಯ ಒಪ್ಪಿಗೆಯೂ ಬೇಕಾಗಿತ್ತು. ಅದೇ ತಿಂಗಳು ರೋಮಿನಲ್ಲಿ ಯೇಸುಸಭೆಯ ಬಾಗಿಲು ತಟ್ಟಿದರು. ಮೂರು ತಿಂಗಳು ತುಂಬುವಷ್ಟರಲ್ಲಿ ಫೆರಾಂತೆ ತೀರಿಕೊಂಡನು. ಆ ಮೂರು ತಿಂಗಳು ಅವನು ಏನು ಯೋಚಿಸಿರಬಹುದೆಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. ನಮ್ಮ ಕಾಫಿಯ ಕಣ ನನ್ನ ಕಣ್ಣ ಮುಂದೆ ಬರುತ್ತದೆ.

ಮುಂದಿನದು ಇನ್ನೂ ವಿಚಿತ್ರ. ವಂಶವನ್ನು ಉಳಿಸಬೇಕಾದ ರೊಡೋಲ್ಫೊ ಅಂತಸ್ತಿಗೆ ಹೊಂದದ ಹೆಣ್ಣೊಬ್ಬಳನ್ನು ಗುಟ್ಟಾಗಿ ಮದುವೆಯಾಗಿದ್ದನು. ಮಾಂಟೊವಾದ ಡ್ಯೂಕನೊಡನೆ ಆಸ್ತಿಯ ಜಗಳವನ್ನೂ ಕಟ್ಟಿಕೊಂಡಿದ್ದನು. ಈ ಎರಡು ಗಂಟುಗಳನ್ನೂ ಬಿಡಿಸಲು ಕಡೆಗೆ ಕರೆಸಿದ್ದು ಎಲ್ಲವನ್ನೂ ಬಿಟ್ಟುಹೋಗಿದ್ದ ಅಣ್ಣನನ್ನೇ. ಲೂಯಿಜಿ ಬಂದು ಡ್ಯೂಕನನ್ನೂ ತಮ್ಮನನ್ನೂ ರಾಜಿಮಾಡಿಸಿ, ಮದುವೆಯನ್ನು ಬಹಿರಂಗಪಡಿಸುವಂತೆ ತಮ್ಮನನ್ನು ಒಪ್ಪಿಸಿ, ರೋಮಿಗೆ ಹಿಂದಿರುಗಿದರು. 1591ರಲ್ಲಿ ಅಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳನ್ನು ಎತ್ತಿ ಆರೈಕೆ ಮಾಡಿ, ತಾವೇ ರೋಗಕ್ಕೆ ತುತ್ತಾಗಿ, ಜೂನ್ 21ರಂದು ತೀರಿಕೊಂಡರು. ಇಪ್ಪತ್ತಮೂರು ವರ್ಷ. ರೊಡೋಲ್ಫೊ 1593ರಲ್ಲಿ ಕೊಲೆಯಾದನು. ಅವನಿಗೆ ಗಂಡುಮಕ್ಕಳಿರಲಿಲ್ಲ. ಅವನ ಹೆಣ್ಣುಮಕ್ಕಳಾದ ಚಿಂತ್ಸಿಯ, ಒಲಿಂಪಿಯ, ಗ್ರಿದೋನಿಯ ಮೂವರೂ ಮದುವೆಯಾಗದೆ, 1608ರಲ್ಲಿ ಕಾಸ್ತಿಲ್ಯೋನೆಯಲ್ಲಿ ‘ಯೇಸುವಿನ ಕನ್ಯೆಯರು’ ಎಂಬ ಸಮುದಾಯವನ್ನು ಕಟ್ಟಿದರು. ಯಾವ ಹೆಸರಿಗಾಗಿ ಫೆರಾಂತೆ ಅಷ್ಟು ಹೋರಾಡಿದನೋ ಆ ಹೆಸರು ಅವನ ಉತ್ತರಾಧಿಕಾರಿಯ ಮನೆಯಲ್ಲಿಯೇ ನಿಂತಿತು. ಇನ್ನೊಬ್ಬ ಮಗ ಫ್ರಾಂಚೆಸ್ಕೊನ ಪೀಳಿಗೆ ಮುಂದುವರಿಯಿತಾದರೂ, ಆ ಕವಲೂ 19ನೆಯ ಶತಮಾನವನ್ನು ದಾಟಲಿಲ್ಲ.

ದೊಡ್ಡಮನೆಯ ಗತಿಯೂ ಬೇರೆಯಾಗಲಿಲ್ಲ. ಮಾಂಟೊವಾದ ವಿಂಚೆಂಜೊ 1627ರ ಡಿಸೆಂಬರಿನಲ್ಲಿ ನ್ಯಾಯಬದ್ಧ ಸಂತಾನವಿಲ್ಲದೆ ಸತ್ತನು. ಹಣದ ಅಡಚಣೆಯಿಂದಾಗಿ ತಲೆಮಾರುಗಳು ಕೂಡಿಟ್ಟ ಚಿತ್ರಗಳು ಇಂಗ್ಲೆಂಡಿನ ದೊರೆ ಚಾರ್ಲ್ಸನಿಗೆ ಮಾರಾಟವಾದದ್ದೂ ಆ ಕಾಲದಲ್ಲೇ. ಉತ್ತರಾಧಿಕಾರಕ್ಕಾಗಿ ಯುದ್ಧ ಹತ್ತಿ 1630ರಲ್ಲಿ ಚಕ್ರವರ್ತಿಯ ಸೈನ್ಯ ನಗರವನ್ನು ಸೂರೆಮಾಡಿತು, ಜೊತೆಗೆ ಪ್ಲೇಗು. ಫ್ರಾನ್ಸಿನ ಕವಲಿನಿಂದ ಬಂದ ಗೊನ್ಜಾಗರು 1708ರವರೆಗೆ ಹೆಸರನ್ನು ಎಳೆದರು. ಗ್ವಾಸ್ತಾಲ್ಲಾದ ಕವಲು 1746ಕ್ಕೆ ಮುಗಿಯಿತು. ಅಷ್ಟೆಲ್ಲ ಕವಲುಗಳಲ್ಲಿ ಇಂದು ಗಂಡುಸಂತಾನದಲ್ಲಿ ಉಳಿದಿರುವುದು ವೆಸ್ಕೊವಾತೊ ಎಂಬ ಸಣ್ಣ ಊರಿನ ಹೆಸರಿನ ಒಂದೇ ಕವಲು. ದೊಡ್ಡವರು ಆಳುತ್ತಿದ್ದಾಗ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಚಿಕ್ಕಮನೆಯವರು. ಒಂದು ಕಾಲಕ್ಕೆ ಉತ್ತರ ಇಟಲಿಯಲ್ಲಿ ಗೊನ್ಜಾಗನೊಬ್ಬನನ್ನು ಎಡವದೆ ನಡೆಯುವುದೇ ಕಷ್ಟವಾಗಿತ್ತು. ಈಗ ಆ ರಕ್ತದ ಗೊನ್ಜಾಗನನ್ನು ಹುಡುಕಿಕೊಂಡು ಹೋಗಬೇಕು.

ಆದರೆ ಹೆಸರು? 1726ರ ಕೊನೆಯ ದಿನ ಜಗದ್ಗುರು ಹದಿಮೂರನೆಯ ಬೆನೆಡಿಕ್ಟರು ಲೂಯಿಜಿಯವರನ್ನು ಸಂತರೆಂದು ಘೋಷಿಸಿದರು. ಅಲ್ಲಿಂದ ಅದು ಹೊಸದಾಗಿ ಹೊರಟಿತು, ವಂಶವೃಕ್ಷದ ಹಂಗಿಲ್ಲದೆ. ಅಮೆರಿಕದ ಸ್ಪೋಕೇನ್ ನಗರದಲ್ಲಿ 1887ರಲ್ಲಿ ಆರಂಭವಾದ ಗೊನ್ಜಾಗ ವಿಶ್ವವಿದ್ಯಾಲಯವಿದೆ. ಡಬ್ಲಿನ್ನಿನಲ್ಲಿ 1950ರಿಂದ ಗೊನ್ಜಾಗ ಕಾಲೇಜಿದೆ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಬ್ರೆಜಿಲಿನ ಕತೆ. ಅಲ್ಲಿನ ಈಶಾನ್ಯದ ಬರಡುನಾಡಿನಲ್ಲಿ, 1912ರ ಡಿಸೆಂಬರ್ 13ರಂದು, ಅಕಾರ್ಡಿಯನ್ ನುಡಿಸುವ ಬಡ ರೈತನೊಬ್ಬನಿಗೆ ಮಗ ಹುಟ್ಟಿದ. ಅಂದು ಸಂತ ಲೂಸಿಯ ಹಬ್ಬ, ಆದ್ದರಿಂದ ಲೂಯಿಸ್. ಲೂಯಿಸ್ ಎಂದ ಮೇಲೆ ಗೊನ್ಜಾಗ ಎಂದೂ ಇರಲಿ ಎಂದು ದೀಕ್ಷಾಸ್ನಾನ ಕೊಟ್ಟ ಗುರುಗಳು ಸಲಹೆ ಮಾಡಿದರಂತೆ. ಯೇಸು ಹುಟ್ಟಿದ ತಿಂಗಳಾದುದರಿಂದ ಜನನ ಎಂಬರ್ಥದ ನಾಸಿಮೆಂತೊ ಎಂಬುದೂ ಸೇರಿತು. ತಂದೆಯ ಅಡ್ಡಹೆಸರು ಎಲ್ಲಿಯೂ ಇಲ್ಲ. ಆ ಲೂಯಿಸ್ ಗೊನ್ಜಾಗ ಮುಂದೆ ಇಡೀ ಬ್ರೆಜಿಲ್ ಕುಣಿಯುವಂತೆ ಅಕಾರ್ಡಿಯನ್ ನುಡಿಸಿದ. ಮಗನಿಗೂ ಅದೇ ಹೆಸರನ್ನು ಕೊಟ್ಟ. ಮಗನನ್ನು ಜನ ‘ಗೊನ್ಜಗಿನ್ಯ’, ಅಂದರೆ ಪುಟ್ಟ ಗೊನ್ಜಾಗ, ಎಂದು ಕರೆದರು. ಮಾಂಟೊವಾದ ಡ್ಯೂಕರು ಯುದ್ಧ ಮಾಡಿಯೂ ಉಳಿಸಿಕೊಳ್ಳಲಾಗದ ಹೆಸರು ರೈತನ ಮನೆಯಲ್ಲಿ ಖರ್ಚಿಲ್ಲದೆ ತಂದೆಯಿಂದ ಮಗನಿಗೆ ಇಳಿಯಿತು. ಸ್ನಾನಿಕ ಯೋವಾನ್ನರಿಗೆ ಹೆಸರಿಡುವಾಗ, ನಿಮ್ಮ ಕುಲದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ನೆಂಟರಿಷ್ಟರು ತಕರಾರು ತೆಗೆದದ್ದನ್ನು ಸಂತ ಲೂಕರು ಬರೆದಿದ್ದಾರೆ. ಆ ನೆಂಟರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಮ್ಮ ಮನೆಯಲ್ಲಿಯೂ ಇದ್ದರು.

ಪ್ರಾರ್ಥನಾಲಯದಲ್ಲಿ ಬಲಿಪೂಜೆ ಮುಗಿದು ಜನ ಕರಗಿದ ಮೇಲೆ ನಾನು ಅಣ್ಣನಿಗೆ ಈ ಕತೆಯನ್ನೆಲ್ಲ ಹೇಳಿದೆ. ಅವನು ಮಾಳಿಗೆಯನ್ನೇ ನೋಡುತ್ತ ಕೇಳಿದ. ಅವನಿಗೆ ಬಹುಶಃ ಮುಕ್ಕಾಲು ಪಾಲು ತಿಳಿದೇ ಇತ್ತು. ತಮ್ಮ ಹೇಳುತ್ತಿದ್ದಾನಲ್ಲ ಎಂದು ಸುಮ್ಮನಿದ್ದ. ಕೊನೆಗೆ, ಐವತ್ತು ವರ್ಷಗಳಿಂದ ಕೇಳಬೇಕೆಂದಿದ್ದುದನ್ನು ಕೇಳಿಯೇಬಿಟ್ಟೆ: “ಅಪ್ಪ ಆ ಮೇಲಾದರೂ ನಿನ್ನ ಹತ್ತಿರ ಏನಾದರೂ ಹೇಳಿದರಾ?”

“ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಲು ಹೋದಾಗ,” ಎಂದ ಅಣ್ಣ, “ನಿನ್ನ ಕೈಯಿಂದ ಎಷ್ಟು ಮಕ್ಕಳಿಗೆ ದೀಕ್ಷಾಸ್ನಾನ ಆಗಿರಬಹುದು ಅಂತ ಕೇಳಿದರು. ಲೆಕ್ಕ ಇಟ್ಟಿಲ್ಲ ಅಪ್ಪ ಅಂದೆ.”

“ಅದಕ್ಕೆ?”

“ಸಿಟ್ಟಾಯಿತು ಅವರಿಗೆ. ಒಂದು ಪುಸ್ತಕದಲ್ಲಿ ಬರೆದಿಡಬಾರದಿತ್ತೇ ಅಂದರು.”

ಹೊರಗೆ ಮಳೆ ಹಿಡಿದಿತ್ತು. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಕೊಡೆ. ಅಣ್ಣ ಅದನ್ನು ಬಿಚ್ಚಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆಯೇ ಹೆಚ್ಚು ಪಾಲನ್ನು ನನ್ನ ಕಡೆಗೆ ಹಿಡಿದ. ಗುಡ್ಡದ ಇಳಿಜಾರಿನಲ್ಲಿ ನಿಧಾನವಾಗಿ ಇಳಿದೆವು.